ಅಂಡಮಾನಿನ ಜಿಂಕೆಯೂ ನಮ್ಮೂರ ಆಡೂ

ಪ್ರಾಣಿಗಳಲ್ಲಿ ಕೆಲವಕ್ಕೆ ಹುಟ್ಟಿನಿಂದಲೇ ಒಳ್ಳೆಯ ಹೆಸರು. ಮತ್ತೆ ಕೆಲವಕ್ಕೆ ಹುಟ್ಟಿನಿಂದಲೇ ಕೆಟ್ಟ ಹೆಸರು. ಜಿಂಕೆ ಮೊದಲನೆಯ ಪಂಗಡದ್ದು. ಪುರಾಣದಲ್ಲಿ ಅದಕ್ಕೆ ಜಾಗವಿದೆ. ಕಾವ್ಯದಲ್ಲಿ ಅದರ ಕಣ್ಣಿಗೆ ಜಾಗವಿದೆ. ಶಾಲೆಯ ಗೋಡೆಯ ಚಿತ್ರದಲ್ಲಿ ಹುಲಿ ಸಿಂಹಗಳ ನಡುವೆಯೂ ಅದು ನಿರ್ಭಯವಾಗಿ ನಿಂತಿರುತ್ತದೆ. ಆಡು ಎರಡನೆಯ ಪಂಗಡದ್ದು. "ಆಡು ಮುಟ್ಟದ ಸೊಪ್ಪಿಲ್ಲ" ಎಂದು ಗಾದೆಯಲ್ಲಿಯೇ ಅದರ ಮೇಲೆ ದೂರು ದಾಖಲಾಗಿ ಹೋಗಿದೆ. ಆದರೆ ನೋಡಿದರೆ ಎರಡೂ ಸೀಳುಗೊರಸಿನ, ಮೆಲುಕು ಹಾಕುವ, ಎಲೆ ಚಿಗುರುಗಳ ಮೇಲೆ ಬದುಕುವ ಪ್ರಾಣಿಗಳೇ. ಆಡಿನ ಹಲ್ಲಿಗೆ ಸಿಕ್ಕಿದ ಕುಡಿ ಒಣಗುವುದಾದರೆ ಜಿಂಕೆಯ ಹಲ್ಲಿಗೆ ಸಿಕ್ಕಿದ ಕುಡಿಯೂ ಒಣಗಲೇಬೇಕು. ಹೀಗಿರುವಾಗ ಒಂದನ್ನು ಕಂಡರೆ ಬಿಸ್ಕತ್ತು ನೀಡುವ ನಾವು ಇನ್ನೊಂದನ್ನು ಕಂಡರೆ ಕಲ್ಲು ಹುಡುಕುವುದೇಕೆ? ಈ ಪ್ರಶ್ನೆ ನನ್ನಲ್ಲಿ ಹಿಂದೆಯೇ ಇತ್ತು. ಕಳೆದ ಜನವರಿಯಲ್ಲಿ ಅಂಡಮಾನಿನಲ್ಲಿ ಕಳೆದ ಒಂದು ದಿನ, ಬೆಳಿಗ್ಗೆ ನೆಲದ ಮೇಲೂ ಮಧ್ಯಾಹ್ನ ನೀರಿನ ಕೆಳಗೂ ಕಂಡ ನೋಟಗಳು, ಅದಕ್ಕೆ ಒಂದು ರೂಪ ಕೊಟ್ಟವು. ಆದುದರಿಂದ ಇದು ಪ್ರವಾಸ ಕಥನವಲ್ಲ. ಸಮುದ್ರದ ನೀಲಿಯನ್ನು ವರ್ಣಿಸುವ ಶಕ್ತಿ ನನಗಿಲ್ಲ. ಇದ್ದವರು ನಮ್ಮ ಕಾಲೇಜಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ವಿಷಯದಲ್ಲಿ ನಾನು ತಟಸ್ಥನಲ್ಲ. ಚಳ್ಳಕೆರೆ ಸೀಮೆಯ ಹಟ್ಟಿಯೊಂದರಲ್ಲಿ ಕುರಿ ಆಡುಗಳ ನಡುವೆ ಬೆಳೆದವನು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನನ್ನ ಪ್ರತಿಯೊಂದು ಪರೀಕ್ಷೆಯ ಶುಲ್ಕವೂ ಯಾವುದೋ ಒಂದು ಮರಿಯ ಬೆಲೆ. ನಾನು ಪ್ರೌಢಶಾಲೆಯಲ್ಲಿದ್ದಾಗ ಒಂದು ಬೇಸಿಗೆಯಲ್ಲಿ ನಮ್ಮ ಹನ್ನೊಂದು ಆಡುಗಳು ನೆಡುತೋಪಿನ ಅಂಚಿಗೆ ನುಗ್ಗಿದವೆಂದು ಅವನ್ನು ದೊಡ್ಡಿಗೆ ಹೊಡೆದರು. ಬಿಡಿಸಿ ತರಲು ಅಪ್ಪ ಎರಡು ಆಡುಗಳನ್ನು ಮಾರಬೇಕಾಯಿತು. "ಆಡು ಕಾಡಿನ ಶತ್ರು, ಗೊತ್ತಿಲ್ಲವೇನಯ್ಯ?" ಎಂದು ಅಲ್ಲಿಯವರು ಅಪ್ಪನಿಗೆ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ಆ ಮಾತು ಪೂರ್ಣ ಸುಳ್ಳೆಂದು ನಾನು ಇಂದಿಗೂ ಹೇಳುವುದಿಲ್ಲ. ಹಿಡಿತವಿಲ್ಲದೆ ಬಿಟ್ಟ ಆಡು ಏನು ಮಾಡಬಲ್ಲುದೆಂಬುದು ಆಡು ಸಾಕಿದವನಿಗೆ ಗೊತ್ತಿರುವಷ್ಟು ಬೇರೆ ಯಾರಿಗೆ ಗೊತ್ತು? ನನ್ನ ತಕರಾರು ಬೇರೆ. ಅದನ್ನು ಮುಂದೆ ಹೇಳುತ್ತೇನೆ.

ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರವೊಂದಕ್ಕೆ ನಮ್ಮ ಕಾಲೇಜಿನಿಂದ ಇಬ್ಬರು ಆಯ್ಕೆಯಾದೆವು. ಚೆನ್ನೈಯಿಂದ ಹಡಗಿನಲ್ಲಿ ಸುಮಾರು ಮೂರು ದಿನ. ಆ ಮೂರು ದಿನಗಳ ವಾಂತಿಯ ಇತಿಹಾಸ ಓದುಗರಿಗೆ ಬೇಡ. ಪೋರ್ಟ್ ಬ್ಲೇರ್ ಎಂದು ನಾವು ಭೂಗೋಳದಲ್ಲಿ ಓದಿದ ಊರಿಗೆ 2024ರಿಂದ ಶ್ರೀ ವಿಜಯಪುರಂ ಎಂದು ಹೆಸರು. ಶಿಬಿರದ ನಡುವೆ ಒಂದು ದಿನ ಬಿಡುವು ಸಿಕ್ಕಿತು. ಊರಿನ ಜೆಟ್ಟಿಯಿಂದ ದೋಣಿಗಳು ಬೆಳಿಗ್ಗೆ ರಾಸ್ ದ್ವೀಪಕ್ಕೂ ಅಲ್ಲಿಂದ ನಾರ್ತ್ ಬೇ ಎಂಬ ಕೊಲ್ಲಿಗೂ ಜನರನ್ನು ಕರೆದೊಯ್ಯುತ್ತವೆ. ನಾವೂ ಹತ್ತಿದೆವು.

ರಾಸ್ ದ್ವೀಪ ಬಹಳ ಚಿಕ್ಕದು. ನಿಧಾನವಾಗಿ ಸುತ್ತಿದರೂ ಒಂದು ಬೆಳಗು ಸಾಕು. 1858ರಲ್ಲಿ ಬ್ರಿಟಿಷರು ಅಂಡಮಾನಿನಲ್ಲಿ ಕೈದಿಗಳ ವಸಾಹತನ್ನು ಸ್ಥಾಪಿಸಿದಾಗ ಇದನ್ನೇ ಅದರ ಆಡಳಿತದ ಕೇಂದ್ರ ಮಾಡಿಕೊಂಡರು. 1942ರಲ್ಲಿ ಜಪಾನೀಯರು ಬಂದರು. 2018ರಲ್ಲಿ ದ್ವೀಪಕ್ಕೆ ನೇತಾಜಿ ಸುಭಾಷ್ ಚಂದ್ರ ಬೋಸ್ ಅವರ ಹೆಸರಿಟ್ಟರು. ಈಗ ಅಲ್ಲಿ ಉಳಿದಿರುವುದು ಚಾವಣಿಯಿಲ್ಲದ ಇಗರ್ಜಿ, ದೊರೆಗಳ ಬಂಗಲೆಯ ಗೋಡೆಗಳು, ಆ ಗೋಡೆಗಳನ್ನು ಹೆಬ್ಬಾವಿನಂತೆ ಸುತ್ತಿ ಹಿಡಿದಿರುವ ಆಲದ ಜಾತಿಯ ಮರಗಳ ಬೇರುಗಳು; ಮತ್ತು ಜಿಂಕೆಗಳು. ಚುಕ್ಕೆ ಜಿಂಕೆಗಳು, ಹಿಂಡು ಹಿಂಡಾಗಿ. ಮನುಷ್ಯರನ್ನು ಕಂಡರೆ ಓಡುವುದಿಲ್ಲ. ಬದಲಿಗೆ ಹತ್ತಿರ ಬಂದು ಕೈ ನೋಡುತ್ತವೆ. ದೋಣಿಯಿಂದಿಳಿದವರೆಲ್ಲ ಅವುಗಳ ಸುತ್ತ ನೆರೆದರು. ಬಿಸ್ಕತ್ತು ಬಂತು, ಬ್ರೆಡ್ಡು ಬಂತು, ತೆಂಗಿನಕಾಯಿಯ ಚೂರು ಬಂತು. ಎಲ್ಲರ ಫೋನುಗಳೂ ಹೊರಬಂದವು. "ಎಂಥ ಮುಗ್ಧ ಕಣ್ಣು!" ಎಂದು ನನ್ನ ಜೊತೆಗಿದ್ದವರೊಬ್ಬರು ಹೇಳಿದರು. ನಿಜವಾಗಿಯೂ ಮುಗ್ಧ ಕಣ್ಣುಗಳೇ. ಆದರೆ ನಮ್ಮ ಆಡುಗಳ ಕಣ್ಣಿನಲ್ಲಿ ಕಪಟವಿದೆಯೆಂದು ನನಗೆ ಎಂದೂ ಕಂಡಿಲ್ಲ.

ನಾನು ನೋಡಿದ್ದು ಜಿಂಕೆಯ ಮೇಲಿನ ಗಿಡವನ್ನು. ಕುರಿಗಾಹಿಯ ಮಕ್ಕಳಿಗೆ ಅದು ಅಭ್ಯಾಸ; ಹೊಸ ಜಾಗಕ್ಕೆ ಹೋದರೆ ಮೊದಲು ಮೇವು ನೋಡುತ್ತಾರೆ, ಆಮೇಲೆ ಊರು. ಮರಗಳ ಕೆಳಕೊಂಬೆಗಳು ಒಂದೇ ಎತ್ತರಕ್ಕೆ, ಕತ್ತರಿಯಿಂದ ಸಮ ಮಾಡಿದಂತೆ ನಿಂತಿದ್ದವು. ಜಿಂಕೆ ಕತ್ತು ಚಾಚಿದರೆ ಬಾಯಿ ಮುಟ್ಟುವ ಎತ್ತರ ಅದು. ಅದರಿಂದ ಕೆಳಗೆ ಎಲೆಯಿಲ್ಲ. ನೆಲದ ಮೇಲೆ ಮೊಣಕಾಲೆತ್ತರದ ಒಂದು ಸಸಿಗಾಗಿ ನಾನು ಅರ್ಧ ಗಂಟೆ ಹುಡುಕಿದೆ. ನಾನು ನಡೆದಷ್ಟು ದಾರಿಯಲ್ಲಿ ಜಿಂಕೆ ಮುಟ್ಟದ ಕಳೆಗಳನ್ನು ಬಿಟ್ಟರೆ ಹೆಚ್ಚೇನೂ ಕಾಣಲಿಲ್ಲ. ಮುದಿ ಮರಗಳಿವೆ, ಮರಿ ಮರಗಳಿಲ್ಲ. ಅಜ್ಜ ಅಜ್ಜಿಯರು ಮಾತ್ರ ಉಳಿದು ಮಕ್ಕಳಿಲ್ಲದ ಊರು ಹೇಗಿರುತ್ತದೋ ಹಾಗೆ.

ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಅಲ್ಲಿ ಕುರಿ ಮೇಕೆ ಐದಾವೇನಪ್ಪ?" ಎಂದು. ಜಿಂಕೆಗಳ ವಿಷಯ ಹೇಳಿದೆ. ಗಿಡ ಏಳುವುದಕ್ಕೆ ಬಿಟ್ಟಿಲ್ಲವೆಂದೂ ಹೇಳಿದೆ. "ಮೇಯ್ಸೋರು ಯಾರು?" ಎಂದರು. ಯಾರೂ ಇಲ್ಲ ಎಂದೆ. "ಮತ್ತಿನ್ನೇನು. ಎಬ್ಬಿಸ್ಕೊಂಡು ಹೋಗೋರಿಲ್ದಿದ್ರೆ ಮಂದೆ ನಿಂತ ಜಾಗ ಬೋಳಾಗ್ತೈತೆ," ಎಂದರು.

ಅಪ್ಪ ಒಂದು ವಾಕ್ಯದಲ್ಲಿ ಹೇಳಿದ್ದನ್ನು ವಿಜ್ಞಾನಿಗಳು ಅಳತೆ ಮಾಡಿ ಹೇಳಿದ್ದಾರೆ. ಅಂಡಮಾನ್ ದ್ವೀಪಗಳಿಗೆ ಜಿಂಕೆ ಸ್ವಂತದ್ದಲ್ಲ. ಬ್ರಿಟಿಷರ ಆಳ್ವಿಕೆಯಲ್ಲಿ ಬೇಟೆಗಾಗಿ ಭಾರತದ ಮುಖ್ಯಭೂಮಿಯಿಂದ ತಂದು ಬಿಟ್ಟದ್ದು. ಆ ದ್ವೀಪಗಳ ಸ್ವಂತ ಸಸ್ತನಿಗಳೆಂದರೆ ಬಹುಪಾಲು ಬಾವಲಿ, ಮೂಗಿಲಿ, ಇಲಿಗಳಂತಹ ಸಣ್ಣ ಜೀವಿಗಳು. ಮಂದೆಯಾಗಿ ಎಲೆ ಮೇಯುವ ದೊಡ್ಡ ಪ್ರಾಣಿಯ ಪರಿಚಯವೇ ಆ ಕಾಡಿಗೆ ಇರಲಿಲ್ಲ. ಜಿಂಕೆಯನ್ನು ತಿನ್ನುವ ಹುಲಿಯಿಲ್ಲ, ಚಿರತೆಯಿಲ್ಲ, ಸೀಳುನಾಯಿಯಿಲ್ಲ. ಮೇಲಾಗಿ ಜಿಂಕೆ ಚೆನ್ನಾಗಿ ಈಜಬಲ್ಲುದು. ಒಂದು ದ್ವೀಪದಿಂದ ಇನ್ನೊಂದಕ್ಕೆ ತಾನೇ ದಾಟಿಕೊಂಡಿತು. ಮರ ಸಾಗಿಸಲು ತಂದ ಆನೆಗಳ ಕಥೆಯೂ ಇಂಥದೇ: 1960ರ ದಶಕದ ಆರಂಭದಲ್ಲಿ ಮರದ ಕಂಪನಿಯೊಂದು ದಿವಾಳಿಯಾದಾಗ ಇಂಟರ್‌ವ್ಯೂ ಎಂಬ ದ್ವೀಪದಲ್ಲಿ ಬಿಟ್ಟುಹೋದ ಆನೆಗಳು ಅಲ್ಲಿಯೇ ಕಾಡಾನೆಗಳಾದವು. ಜೀವವಿಜ್ಞಾನಿ ರವೂಫ್ ಅಲಿ ಅವರು ಈ ಹೊರಗಿನ ಸಸ್ಯಾಹಾರಿಗಳು ಅಂಡಮಾನಿನ ಕಾಡನ್ನು ಹೇಗೆ ಸವೆಸುತ್ತಿವೆ ಎಂಬುದನ್ನು ಅಧ್ಯಯನ ಮಾಡಿ 2004ರಲ್ಲಿ ನಮ್ಮ ಬೆಂಗಳೂರಿನಿಂದಲೇ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಹೊರಗಿನಿಂದ ಕಾಡು ಹಸಿರಾಗಿಯೇ ಕಾಣುತ್ತದೆ. ಒಳಗೆ ಮುಂದಿನ ತಲೆಮಾರಿಲ್ಲ. ಪೊದೆ ಹೋದಾಗ ಪೊದೆಯನ್ನು ನಂಬಿದ ಹಲ್ಲಿ, ಓತಿ, ಹುಳುಗಳೂ ಹೋಗಬೇಕಾಗುತ್ತದೆ. ಅವುಗಳಲ್ಲಿ ಎಷ್ಟೋ ಜಾತಿಗಳು ಪ್ರಪಂಚದಲ್ಲಿ ಅಲ್ಲಿ ಬಿಟ್ಟು ಬೇರೆಲ್ಲಿಯೂ ಇಲ್ಲ. ಓತಿಯ ಫೋಟೋ ತೆಗೆದವರನ್ನು ಆ ದಿನ ನಾನು ನೋಡಲಿಲ್ಲ.

ಬಂಡೀಪುರದಲ್ಲಿ ಇದೇ ಜಿಂಕೆ ಕಾಡಿಗೆ ಭಾರವಲ್ಲ. ಅಲ್ಲಿ ಅದನ್ನು ಎಬ್ಬಿಸಿಕೊಂಡು ಹೋಗುವವರಿದ್ದಾರೆ. ಅವರಿಗೆ ನಾಲ್ಕು ಕಾಲು, ಕೋರೆಹಲ್ಲು, ಅಷ್ಟೆ.

ಮಧ್ಯಾಹ್ನ ನಾರ್ತ್ ಬೇ ತಲಪಿದೆವು. ಹಳೆಯ ಕೆಂಪು 20 ರೂಪಾಯಿ ನೋಟಿನ ಹಿಂಬದಿಯಲ್ಲಿ ತೆಂಗಿನ ಮರಗಳ ನಡುವೆ ಕಾಣುವ ಸಮುದ್ರದ ಚಿತ್ರ ಈ ಕಡೆಯದೇ ಎಂದು ಎಲ್ಲರೂ ತೋರಿಸುತ್ತಾರೆ. ಇಲ್ಲಿ ಸ್ನಾರ್ಕೆಲಿಂಗ್ ಮಾಡಿಸುತ್ತಾರೆ. ಮೂಗು ಕಣ್ಣುಗಳನ್ನು ಮುಚ್ಚುವ ಗಾಜಿನ ಮುಖವಾಡ, ಬಾಯಿಗೆ ಒಂದು ಬಾಗಿದ ಕೊಳವೆ, ಮೈಗೆ ಲೈಫ್ ಜಾಕೆಟ್. ಮುಖವನ್ನು ನೀರಿನೊಳಗಿಟ್ಟು ಬೆನ್ನನ್ನು ಬಿಸಿಲಿಗೆ ಕೊಟ್ಟು ತೇಲುವುದು. ಈಜು ಬಾರದ ನನ್ನಂತಹವರನ್ನು ಒಬ್ಬ ಹುಡುಗ ರಬ್ಬರ್ ಬಳೆಗೆ ಕಟ್ಟಿದ ಹಗ್ಗದಿಂದ ಎಳೆದುಕೊಂಡು ಹೋಗುತ್ತಾನೆ. ನಮ್ಮೂರ ಕೆರೆಯಲ್ಲಿ ಎಮ್ಮೆಯ ಬಾಲ ಹಿಡಿದು ತೇಲಿದ ಅನುಭವ ಉಪಯೋಗಕ್ಕೆ ಬಂತು. ಮೊದಲ ಕೆಲವು ನಿಮಿಷ ಉಸಿರಿನ ಗದ್ದಲವೇ. ಆಮೇಲೆ ಉಸಿರು ಒಂದು ಹದಕ್ಕೆ ಬಂತು, ಕಿವಿಗೆ ಬೇರೊಂದು ಸದ್ದು ಬಿತ್ತು: ಕರ ಕರ, ಕರ ಕರ. ನನಗೆ ಆಶ್ಚರ್ಯವಾಯಿತು. ಕೊಯ್ಲಾದ ಜೋಳದ ಹೊಲದಲ್ಲಿ ರಾತ್ರಿ ಕುರಿ ಒಣಗೂಳೆ ಮೇಯುವ ಸದ್ದು ಅದು!

ಮೇಯುತ್ತಿದ್ದುದು ಗಿಳಿಮೀನು. ಹಸಿರು, ನೀಲಿ, ಕೆಂಪು ಬೆರೆತ ಮೈ. ಹಲ್ಲುಗಳೆಲ್ಲ ಕೂಡಿಕೊಂಡು ಗಿಳಿಯ ಕೊಕ್ಕಿನಂತಾದ ಬಾಯಿ. ಅದು ಸತ್ತ ಹವಳದ ಕಲ್ಲಿನ ಮೇಲೆ ಬೆಳೆದ ಪಾಚಿಯನ್ನು ಕಲ್ಲಿನ ಸಮೇತ ಕೆರೆದು ತಿನ್ನುತ್ತದೆ. ಪಾಚಿ ಅರಗುತ್ತದೆ, ಕಲ್ಲು ಪುಡಿಯಾಗಿ ಹಿಂದಿನಿಂದ ಬಿಳಿಯ ಮರಳಾಗಿ ಉದುರುತ್ತದೆ. ದೊಡ್ಡ ಜಾತಿಯ ಒಂದು ಮೀನು ವರ್ಷಕ್ಕೆ ನೂರಾರು ಕಿಲೋ ಮರಳು ಮಾಡುತ್ತದೆಯಂತೆ. ಪ್ರವಾಸಿಗಳು ಬರಿಗಾಲಲ್ಲಿ ನಡೆದು ಆನಂದಪಡುವ ಹವಳದ್ವೀಪಗಳ ಬೆಳ್ಳನೆಯ ಮರಳಿನಲ್ಲಿ ಬಹುಪಾಲು ಏನೆಂಬುದನ್ನು ಬಾಯಿಬಿಟ್ಟು ಹೇಳುವುದು ಬೇಡ. ಕೆಲವು ಜಾತಿಯ ಗಿಳಿಮೀನುಗಳು ರಾತ್ರಿ ತಮ್ಮ ಮೈಸುತ್ತ ಲೋಳೆಯ ಹೊದಿಕೆ ನೆಯ್ದುಕೊಂಡು ಅದರೊಳಗೆ ಮಲಗುತ್ತವೆ ಎಂದು ಆಮೇಲೆ ಓದಿದೆ. ಕಂಬಳಿ ಹೊದ್ದು ಹೊಲದಲ್ಲಿ ಮಲಗುವವರ ಮಗನಾದ ನನಗೆ ಇದು ಬಹಳ ಹಿಡಿಸಿತು.

ಈ ಮೀನು ಮೇಯದಿದ್ದರೆ ಏನಾಗುತ್ತದೆ? ಹವಳವೆಂದರೆ ಕಲ್ಲೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅದು ಪ್ರಾಣಿ, ಲಕ್ಷಗಟ್ಟಲೆ ಪುಟ್ಟ ಪುಟ್ಟ ಪ್ರಾಣಿಗಳು ಸೇರಿ ಸುಣ್ಣದ ಮನೆ ಕಟ್ಟಿಕೊಂಡು ಬದುಕುವ ಒಂದು ಹಟ್ಟಿ. ಹವಳದ ಮರಿ ಮೊದಲು ನೀರಿನಲ್ಲಿ ತೇಲಿಬಂದು ಬರಿಯ ಕಲ್ಲಿನ ಮೇಲೆ ಕೂತು ನೆಲೆಯೂರಬೇಕು. ಕಲ್ಲಿನ ಮೇಲೆ ಪಾಚಿ ದಟ್ಟವಾಗಿ ಹಬ್ಬಿದ್ದರೆ ಅದಕ್ಕೆ ಕೂರಲು ಜಾಗವಿಲ್ಲ. ಮೇಯುವ ಮೀನುಗಳಿರುವಲ್ಲಿ ಮರಿ ಹವಳ ಏಳುತ್ತದೆ. ಬೆಳಿಗ್ಗೆ ನಾನು ಕಂಡದ್ದು ಮೇಯುವವರಿಂದ ಸಸಿಯಿಲ್ಲದಾದ ಕಾಡು. ಮಧ್ಯಾಹ್ನ ಕಂಡದ್ದು ಮೇಯುವವರಿಂದಲೇ ಸಸಿ ಏಳುವ ಕಾಡು. ನಡುವೆ ಇದ್ದುದು ಅರ್ಧ ಗಂಟೆಯ ದೋಣಿಯ ದಾರಿ. ಮೇಯುವುದು ತನ್ನಷ್ಟಕ್ಕೆ ಪಾಪವಲ್ಲ ಎಂಬುದಕ್ಕೆ ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಆದರೆ ನೀರಿನ ಕೆಳಗಿನ ಆ ಹಟ್ಟಿ ಸುಖವಾಗಿದೆಯೆಂದು ಯಾರೂ ತಿಳಿಯಬಾರದು. ನಾನು ತೇಲಿದ ದಾರಿಯಲ್ಲಿ ಬಹುಭಾಗ ಮುರಿದ ಹವಳದ ಬೂದು ಬಣ್ಣದ ಚೂರುಗಳು, ಮುರಿದ ಬಳೆಗಳ ರಾಶಿಯಂತೆ. ನಡುನಡುವೆ ಮಾತ್ರ ಜೀವವಿರುವ ತುಣುಕುಗಳು: ಮಿದುಳಿನ ಸುಕ್ಕಿನಂತಿರುವ ಗುಂಡು ಹವಳ, ಸಮುದ್ರಹೂವಿನ ಎಳೆಗಳ ನಡುವೆ ಅಡಗಿದ ಕಿತ್ತಳೆ ಬಣ್ಣದ ಪುಟ್ಟ ಮೀನು, ಕಲ್ಲಿನಲ್ಲಿ ಹುದುಗಿ ನೀಲಿ ತುಟಿ ತೆರೆದ ದೊಡ್ಡ ಚಿಪ್ಪಿನ ಜೀವಿ. ಸಮುದ್ರದ ನೀರು ಬೇಸಿಗೆಯ ಎಂದಿನ ಮಿತಿಗಿಂತ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೆ ಸಾಕು, ಹವಳ ತನ್ನ ಮೈಯಲ್ಲಿಟ್ಟುಕೊಂಡು ಸಾಕುವ ಸೂಕ್ಷ್ಮ ಪಾಚಿಯನ್ನು ಹೊರಹಾಕಿಬಿಡುತ್ತದೆ. ಬಣ್ಣವೂ ಹೋಗುತ್ತದೆ, ಅನ್ನವೂ ಹೋಗುತ್ತದೆ. 2010ರ ಬೇಸಿಗೆಯಲ್ಲಿ ಅಂಡಮಾನಿನ ಹವಳಗಳು ಹೀಗೆ ಸುಣ್ಣದಂತೆ ಬಿಳಚಿಕೊಂಡವು. 2024ರ ಏಪ್ರಿಲ್‌ನಲ್ಲಿ ಪ್ರಪಂಚದಾದ್ಯಂತ ನಾಲ್ಕನೆಯ ಸಲ ಇಂತಹ ಬಿಳಚುವಿಕೆ ನಡೆದಿದೆಯೆಂದು ವಿಜ್ಞಾನಿಗಳು ಘೋಷಿಸಿದರು. ಇದು ಸಾಲದೆಂಬಂತೆ, ನನ್ನ ಮುಂದೆಯೇ ಒಬ್ಬರು ದಣಿದು ಹವಳದ ಗುಂಡಿನ ಮೇಲೆ ಎರಡೂ ಕಾಲೂರಿ ನಿಂತು ಸುಧಾರಿಸಿಕೊಂಡರು. ಎಳೆಯುವ ಹುಡುಗ ಬೇಡವೆಂದ, ಅವರು "ಕಲ್ಲು ತಾನೆ!" ಎಂದರು. ಬೆಳಿಗ್ಗೆ ಜಿಂಕೆಯ ಕಣ್ಣಿನ ಮುಗ್ಧತೆಯನ್ನು ಮೆಚ್ಚಿದವರೂ ಇವರೇ. ದಡಕ್ಕೆ ಬಂದ ಮೇಲೆ ನೆನಪಿಗೆಂದು ಒಂದು ಚೂರನ್ನು ಜೇಬಿಗೂ ಹಾಕಿಕೊಂಡರು. 2001ರಿಂದ ಹವಳ ಕಟ್ಟುವ ಪ್ರಾಣಿಗಳಿಗೆ ನಮ್ಮ ವನ್ಯಜೀವಿ ಕಾಯಿದೆಯಲ್ಲಿ ಹುಲಿಗೆ ಇರುವಷ್ಟೇ ರಕ್ಷಣೆ ಇದೆ. ಹುಲಿಯ ಉಗುರನ್ನು ಜೇಬಿಗೆ ಹಾಕಿಕೊಳ್ಳಲು ಅವರು ಹೆದರುತ್ತಿದ್ದರು.

ಅಲ್ಲಿಯೂ ಬ್ರೆಡ್ಡು ಇತ್ತು. ಮೀನು ಕಾಣಲೆಂದು ನೀರಿಗೆ ಚೂರು ಎಸೆಯುತ್ತಾರೆ. ಪಟ್ಟೆ ಪಟ್ಟೆಯ ಸಣ್ಣ ಮೀನುಗಳು ಮುತ್ತಿಕೊಳ್ಳುತ್ತವೆ. ಕೂಗು, ಕೇಕೆ, ಫೋಟೋ. ಬ್ರೆಡ್ಡಿಗೆ ಕಾದು ನಿಲ್ಲುವ ಮೀನು ಪಾಚಿ ಮೇಯುವುದನ್ನು ಯಾಕೆ ನೆನಪಿಟ್ಟುಕೊಳ್ಳಬೇಕು? ಎರಡು ಕಡೆಯೂ ನಮ್ಮ ಪ್ರೀತಿಯ ರೀತಿ ಒಂದೇ: ಕಾಣುವ ಪ್ರಾಣಿಗೆ ತಿಂಡಿ, ಕಾಣದ ಪ್ರಾಣಿಯ ಮೇಲೆ ಕಾಲು.

ಈಗ ನನ್ನ ತಕರಾರು. ಆಡು ಕಾಡನ್ನು ಕೆಡಿಸಬಲ್ಲುದೆಂದು ಒಪ್ಪಿದೆ. ಗಲಾಪಗೋಸ್ ದ್ವೀಪಗಳ ಕಥೆಯನ್ನು ಓದಿದವರಿಗೆ ಅದರಲ್ಲಿ ಸಂದೇಹ ಉಳಿಯುವುದಿಲ್ಲ. ಅಲ್ಲಿಯ ಪಿಂಟಾ ಎಂಬ ದ್ವೀಪದಲ್ಲಿ 1959ರಲ್ಲಿ ಮೀನುಗಾರರು ಬಿಟ್ಟದ್ದು ಮೂರು ಆಡು. ಹದಿನೈದು ವರ್ಷಗಳೊಳಗೆ ಅವು ಹತ್ತಾರು ಸಾವಿರವಾದವು. ಆ ದ್ವೀಪದ ದೈತ್ಯ ಆಮೆಯ ಜಾತಿಯಲ್ಲಿ ಕಡೆಗೆ ಉಳಿದದ್ದು ಜಾರ್ಜ್ ಎಂಬ ಒಂದೇ ಗಂಡು. ಅದೂ 2012ರಲ್ಲಿ ಸತ್ತಿತು. ಆಮೆಯ ನಾಶ ಹಡಗಿನವರ ಹೊಟ್ಟೆಯಿಂದ ಮೊದಲಾದದ್ದು, ಮಿಕ್ಕ ಮೇವನ್ನು ತಿಂದದ್ದು ಆಡು. 1997ರಿಂದ 2006ರವರೆಗೆ ಬೇರೆ ಎರಡು ದ್ವೀಪಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಆಡುಗಳನ್ನು ಗುಂಡಿಟ್ಟು ಕೊಂದರು. ಗಿಡಗಳು ಮತ್ತೆ ಎದ್ದವು. ಆಡಿನ ಮನೆಯವನಾಗಿ ಇದನ್ನು ಓದುವಾಗ ನನಗೆ ಸಂಕಟವಾಯಿತು. ಆದರೂ ಅದು ಅನ್ಯಾಯವೆಂದು ಹೇಳಲು ನಾಲಗೆ ಏಳಲಿಲ್ಲ.

ನಾನು ಕೇಳುವುದು ಇಷ್ಟೆ: ಆಡಿಗೆ ಯಾವ ಲೆಕ್ಕವೋ ಜಿಂಕೆಗೂ ಅದೇ ಲೆಕ್ಕವಿರಲಿ. ಕಾಯುವವನಿಲ್ಲದೆ ಅಂಡಮಾನಿನಲ್ಲಿ ನಿಂತ ಜಿಂಕೆ ಆ ದ್ವೀಪಕ್ಕೆ ಅಲಂಕಾರವೆಂದು ಸಾಕುತ್ತೇವೆ. ಕಾಯುವವನ ಹಿಂದೆ ಊರಿಂದೂರಿಗೆ ನಡೆಯುವ ಆಡು ಕುರಿಗಳನ್ನು ದೊಡ್ಡಿಗೆ ಹೊಡೆಯುತ್ತೇವೆ. ನಮ್ಮ ಕಡೆಯ ಕುರಿಗಾಹಿಗಳು ಒಂದೇ ಜಾಗದಲ್ಲಿ ವರ್ಷವಿಡೀ ಮೇಯಿಸುವವರಲ್ಲ. ಮಳೆ ನೋಡಿಕೊಂಡು ಹೊರಡುತ್ತಾರೆ. ರೈತನ ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸಿ ಗೊಬ್ಬರ ಕೊಡುತ್ತಾರೆ. ಮೇವು ತೆಳುವಾಗುವ ಮೊದಲೇ ಮಂದೆ ಎಬ್ಬಿಸುತ್ತಾರೆ. ಇವರ ದಾರಿಗಳು ಒಂದೊಂದಾಗಿ ಬೇಲಿಯೊಳಗೆ ಹೋಗುತ್ತಿವೆ. ಹುಲ್ಲಿನ ಕಾವಲುಗಳನ್ನು ಬಂಜರು ಎಂದು ಕಾಗದದಲ್ಲಿ ಬರೆದು ಅಲ್ಲಿ ನೀಲಗಿರಿ ನೆಟ್ಟು ಹಸಿರು ಮಾಡಿದೆವೆಂದು ಹೆಮ್ಮೆಪಡುವುದನ್ನೂ ಕಂಡಿದ್ದೇವೆ. ಹವಳವನ್ನು ಕಲ್ಲೆಂದವರೂ ಹುಲ್ಲುಗಾವಲನ್ನು ಬಂಜರೆಂದವರೂ ಒಂದೇ ಕಣ್ಣಿನವರು. ಮಂದೆ ನಡೆಯುವ ದಾರಿ ಮುಚ್ಚಿದ ಮೇಲೆ ಅದು ಒಂದೇ ಕಡೆ ನಿಲ್ಲುತ್ತದೆ. ನಿಂತ ಜಾಗ ಬೋಳಾಗುತ್ತದೆ. ಆಗ "ನೋಡಿದಿರಾ, ಆಡು ಕಾಡಿನ ಶತ್ರು" ಎನ್ನುತ್ತೇವೆ.

"ಹಾಗಾದರೆ ಜಿಂಕೆಗಳನ್ನು ಕೊಲ್ಲಬೇಕೆನ್ನುತ್ತೀಯಾ?" ಎಂದು ಹಾಸ್ಟೆಲಿನ ಮಿತ್ರರು ನನ್ನನ್ನು ಜಗಳಕ್ಕೆ ಎಳೆದರು. ರಾಸ್‌ನಂತಹ ಸಣ್ಣ ದ್ವೀಪಗಳಿಂದಲಾದರೂ ಅವನ್ನು ಹಿಡಿದು ಸಾಗಿಸಲು ಯತ್ನಿಸಬಹುದು. ಕಷ್ಟವೇ, ಜಿಂಕೆ ಹೆದರಿಕೆಗೇ ಸಾಯುವ ಪ್ರಾಣಿ. ದೊಡ್ಡ ದ್ವೀಪಗಳಲ್ಲಿ ಏನು ಮಾಡಬೇಕೆಂಬುದನ್ನು ಅಲ್ಲಿಯ ಕಾಡನ್ನು ಬಲ್ಲವರು ತೀರ್ಮಾನಿಸಲಿ. ಅವರ ತೀರ್ಮಾನ ಕಠಿಣವಾಗಿದ್ದರೆ ಅದನ್ನು ಕೇಳಿ ಕಿವಿ ಮುಚ್ಚಿಕೊಳ್ಳುವ ಹಕ್ಕು ಪ್ರತಿ ಭಾನುವಾರ ಕುರಿಮಾಂಸದ ಅಂಗಡಿಯ ಮುಂದೆ ಸಾಲು ನಿಲ್ಲುವ ನಮಗೆ ಇದೆಯೇ ಎಂದು ನಾನು ಕೇಳಿದೆ. ಮಿತ್ರರು ನಕ್ಕರು, ಉತ್ತರ ಕೊಡಲಿಲ್ಲ. ಅಲ್ಲಿಯವರೆಗೆ ಬಿಸ್ಕತ್ತು ಕೊಡುವುದನ್ನು ನಿಲ್ಲಿಸುವುದಕ್ಕೆ ಯಾವ ಸಮಿತಿಯೂ ಬೇಕಿಲ್ಲ. ಜೆಟ್ಟಿಯಲ್ಲಿ ಒಂದು ಹಲಗೆ ಹಾಕಿ "ಈ ಜಿಂಕೆ ಇಲ್ಲಿಯದಲ್ಲ, ಇದನ್ನು ತಂದವರು ಇಂತಹವರು" ಎಂದು ಬರೆಯುವುದಕ್ಕೆ ಒಂದು ಡಬ್ಬಿ ಬಣ್ಣ ಸಾಕು.

ನಮ್ಮ ಕಡೆಯ ಮಾತಿಗೆ ಬಂದರೆ, ಮೇವಿನ ಕಾವಲುಗಳ ವಿಷಯದಲ್ಲಿ ಯಾವ ನಿಯಮ ಮಾಡುವಾಗಲೂ ಮೇಜಿನ ಸುತ್ತ ಕೂರುವವರಲ್ಲಿ ಒಬ್ಬ ಕುರಿಗಾಹಿಯೂ ಇರಬೇಕೆಂದು ನಾನು ಹೇಳುತ್ತೇನೆ. ಎಷ್ಟು ಕುರಿ, ಎಷ್ಟು ದಿನ, ಯಾವ ಹುಲ್ಲು ಎಷ್ಟು ಉಳಿದಾಗ ಏಳಬೇಕು ಎಂಬ ಲೆಕ್ಕ ಅವನ ಬಾಯಲ್ಲಿದೆ. ಅದನ್ನು ಬರೆದುಕೊಳ್ಳುವವರು ಬೇಕು. ನಮ್ಮ ಕಾಲೇಜಿನಲ್ಲಿ ಅಂತಹ ಮನೆಗಳಿಂದ ಬಂದ ವಿದ್ಯಾರ್ಥಿಗಳು ಹಲವರಿದ್ದೇವೆ. ಭೂಗೋಳಶಾಸ್ತ್ರದ ಗುರುಗಳು ಒಪ್ಪಿದರೆ ಈ ರಜೆಯಲ್ಲಿ ಒಂದೊಂದು ಮಂದೆಯ ದಾರಿಯನ್ನಾದರೂ ನಕ್ಷೆಯಲ್ಲಿ ಗುರುತಿಸಿಕೊಂಡು ಬರುತ್ತೇವೆ. ಅಪ್ಪನ ಮಂದೆ ಯುಗಾದಿ ಕಳೆದ ಮೇಲೆ ಹೊರಡುತ್ತದೆ; ಮೊದಲ ನಕ್ಷೆ ನಾನು ತರುತ್ತೇನೆ.